ಐದನೆಯ ಕಿವಿ ಕೇಳಿದ್ದು

"ಗುದ್ದಲಿ ಏಟು ಮೇಡಂ ಇದು. ನೋಡಿ, ಹೆಂಗೆ ಕಚ್ಚು ಬಿದ್ದಿದೆ."

ಭವ್ಯಶ್ರೀ ಕಾಫಿ ಗಿಡದ ಬುಡದಲ್ಲಿ ಮಂಡಿಯೂರಿ ಕುಳಿತಿದ್ದಳು. ತರಗು ಸರಿಸಿ ಅವಳು ಮಣ್ಣಿನಿಂದ ಕಿತ್ತದ್ದು ಒಂದು ಮುಷ್ಟಿ ಗಾತ್ರದ ಕಿತ್ತಳೆ ಬಣ್ಣದ ಡಬ್ಬಿ. ಕೆಳಗೆ ಗೇಣುದ್ದದ ಕಬ್ಬಿಣದ ಮೊಳೆ. ಡಬ್ಬಿಯ ಒಂದು ಮಗ್ಗುಲಿಗೆ ಓರೆಯಾಗಿ ಆಳವಾದ ಗಾಯ.

ಆನೆಯ ಹೆಜ್ಜೆಗೆ ನೆಲ ಅದುರಿದ್ದನ್ನು ಹಿಡಿದು ಸೈರನ್ ಕೂಗಿಸುವ ಈ ಡಬ್ಬಿಗೆ ಓದಿದವರು ಜಿಯೋಫೋನ್ ಎನ್ನುತ್ತಾರೆ. ಚೆಟ್ಟಳ್ಳಿ ಸುತ್ತಿನ ತೋಟಗಳ ಲೈನ್‌ಮನೆಗಳಲ್ಲಿ ವಾಸಿಸುವ ಆಳುಗಳು ಅದನ್ನು ಕರೆಯುವುದು ಕಿವಿ ಎಂದು. ತೋಟದ ಕೆಳಗಿನ ಅಂಚಿನುದ್ದಕ್ಕೂ ಸಾಲಾಗಿ ನೆಟ್ಟಿದ್ದ ಕಿವಿಗಳಲ್ಲಿ ಇದು ಐದನೆಯದು. ನನ್ನ ನಾಲಿಗೆಗೂ ಆಳುಗಳ ಮಾತೇ ಸಲೀಸು.

ಈ ಕಿವಿಗಳನ್ನು ನೆಟ್ಟು ನೋಡಿಕೊಳ್ಳುತ್ತಿದ್ದ ದೀಪಕ್ ಕಾಣೆಯಾಗಿ ತಿಂಗಳಾಗುತ್ತ ಬಂದಿತ್ತು. ಅವನ ಸ್ಕೂಟರ್ ಹಾರಂಗಿ ಹಿನ್ನೀರಿನ ದಡದಲ್ಲಿ ಸಿಕ್ಕಿತ್ತು. ಪೊಲೀಸರು ನೀರನ್ನು ಜಾಲಾಡಿಸಿ, ಹುಡುಗ ಹಾರಿಕೊಂಡಿರಬೇಕು ಎಂದು ಹೇಳಿ ಕೈತೊಳೆದುಕೊಂಡಿದ್ದರು. ಅವನ ತಾಯಿ ಚಲುವಮ್ಮ ಮಾತ್ರ ಕೈತೊಳೆದುಕೊಂಡಿರಲಿಲ್ಲ. ಬಸ್ಸು ಬದಲಿಸಿಕೊಂಡು ಶನಿವಾರಸಂತೆಯ ನಮ್ಮ ಮನೆಯ ಜಗಲಿಗೆ ಬಂದು ಕೂತಳು. "ಮಹಾದೇವಮ್ಮಕ್ಕಾ, ನೀವು ಪೊಲೀಸಲ್ಲಿ ಇದ್ದೋರು. ನನ್ ಮಗ ಬದ್ಕವ್ನೋ ಇಲ್ವೋ, ಅಷ್ಟೇಳಿ ಸಾಕು," ಎಂದಳು.

ನಿವೃತ್ತಳಾದ ಮೇಲೆ ಇಂಥ ತಲೆನೋವು ಬೇಡ ಎಂದು ನಾನು ಎಷ್ಟೋ ಜನರನ್ನು ಹಿಂದಕ್ಕೆ ಕಳಿಸಿದ್ದೇನೆ. ಅವಳನ್ನು ಕಳಿಸಲಾಗಲಿಲ್ಲ. ಅಳುತ್ತಾ ಬಂದಿದ್ದರೆ ಕಳಿಸುತ್ತಿದ್ದೆನೇನೋ. ಅವಳು ಅಳಲಿಲ್ಲ.

"ಗುದ್ದಲಿ ತಾಗಿದ್ರೆ ಇಷ್ಟು ದಿನ ನಿಮ್ಮ ಆಫೀಸಿಗೆ ಗೊತ್ತಾಗ್ಲಿಲ್ವೇನಮ್ಮ?" ಎಂದು ಕೇಳಿದೆ.

"ಅದೇ ಮೇಡಂ ತಮಾಷೆ." ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಈ ಯಂತ್ರ ಹಾಕಿಸಿದ ಆಫೀಸಿನ ಎಂಜಿನಿಯರ್ ಅವಳು, ದೀಪಕ್‌ಗೆ ಈ ಕೆಲಸ ಕಲಿಸಿದವಳೂ ಅವಳೇ. "ಇದರೊಳಗೆ ಒಂದು ಅಯಸ್ಕಾಂತ ಇರುತ್ತೆ. ಸುತ್ತ ತಂತಿ ಸುರುಳಿ, ತೆಳು ಸ್ಪ್ರಿಂಗಲ್ಲಿ ತೂಗುಬಿಟ್ಟಿರ್ತಾರೆ. ನೆಲ ಅದುರಿದ್ರೆ ಡಬ್ಬಿನೂ ಅದುರುತ್ತೆ, ಸುರುಳಿ ಮಾತ್ರ ಇದ್ದಲ್ಲೇ ಇರೋಕೆ ನೋಡುತ್ತೆ. ಆ ಜಗ್ಗಾಟದಲ್ಲಿ ಚೂರೇ ಚೂರು ಕರೆಂಟ್ ಹುಟ್ಟುತ್ತೆ. ಡಬ್ಬಿ ನೆಟ್ಟಗಿದ್ರೆ ಮಾತ್ರ ಇದೆಲ್ಲ. ವಾಲಿಬಿಟ್ರೆ ಸುರುಳಿ ಗೋಡೆಗೆ ಒರಗಿ ಕೂತುಬಿಡುತ್ತೆ."

"ಕಿವುಡಾಗತ್ತೆ."

"ಹೂಂ. ಆದ್ರೆ ವೈರ್ ತುಂಡಾಗಿಲ್ಲ. ಆಫೀಸ್ ನೋಡೋದು ವೈರ್ ಮಾತ್ರ. ಅಲ್ಲಿ ಹಸಿರು ದೀಪ ಉರಿತಾನೇ ಇತ್ತು."

ಹಸಿರು ದೀಪ ನಂಬಿಕೊಂಡು ಕೂತಿದ್ದಕ್ಕೆ, ಹಿಂದಿನ ವಾರ ಇದೇ ದಾರಿಯಲ್ಲಿ ಒಂಟಿ ಸಲಗ ಒಳಗೆ ನುಗ್ಗಿ ಲೈನ್‌ಮನೆಯ ಗೋಡೆ ಕೆಡವಿತ್ತು. ಸೈರನ್ ಕೂಗಲಿಲ್ಲ. ಅದನ್ನು ಕೇಳಿಯೇ ನಾನು ಭವ್ಯಶ್ರೀಯನ್ನು ಎಬ್ಬಿಸಿಕೊಂಡು ಬಂದದ್ದು.

"ದೀಪಕ್ ನೆಟ್ಟಿದ್ದು ವಾಲೋದೇ ಇಲ್ಲ ಮೇಡಂ. ನೀರುಮಟ್ಟ ಇಟ್ಟು ನೋಡಿ ಮಣ್ಣು ಮೆಟ್ತಿದ್ದ. ಅವರಪ್ಪನ ಕಾಲನ್ನ ಆನೆ ಜೋಳದ ಹೊಲದಲ್ಲಿ ತುಳೀತಲ್ಲ, ಆಮೇಲೇ ಈ ಕೆಲಸಕ್ಕೆ ಸೇರಿದ್ದು. ಇನ್ನೊಬ್ರ ಮನೇಲಿ ಹಿಂಗಾಗಬಾರದು ಅಕ್ಕ ಅಂತಿದ್ದ."

ಅವಳು ಮುಂಗೈಯಿಂದ ಮೂಗು ಒರೆಸಿಕೊಂಡು ಮರಕ್ಕೆ ಕಟ್ಟಿದ್ದ ಪೆಟ್ಟಿಗೆಯ ಕಡೆ ನಡೆದಳು. ಕಿವಿಗಳು ಕೇಳಿದ್ದೆಲ್ಲ ಆ ಪೆಟ್ಟಿಗೆಯ ಚಿಪ್‌ನಲ್ಲಿ ಉಳಿಯುತ್ತದೆ. ಅದರಲ್ಲಿ ಆನೆಯ ನಡಿಗೆಯನ್ನಷ್ಟೇ ಯಂತ್ರ ಆರಿಸಿಕೊಳ್ಳುತ್ತದೆ. ಜೀಪು, ಜನ, ಗುದ್ದಲಿ ಇವೆಲ್ಲ ತೋಟದಲ್ಲಿ ದಿನಬೆಳಗಾದರೆ ಇರುವ ಸದ್ದು ಎಂದು ಬದಿಗೆ ತಳ್ಳಲು ಭವ್ಯಶ್ರೀಯೇ ಅದಕ್ಕೆ ಕಲಿಸಿದ್ದಳು. ತಳ್ಳಿದ್ದನ್ನು ಯಾರೂ ತಿರುಗಿ ನೋಡುವುದಿಲ್ಲ.

ಜೀಪಿನಲ್ಲಿ ಕೂತು ನೋಡಿದೆವು. ಲ್ಯಾಪ್‌ಟಾಪ್ ತೆರೆಯ ಮೇಲೆ ಗೆರೆಗಳು ಓಡಿದವು. ಮಂದವಾದ ಸದ್ದನ್ನು ಮನುಷ್ಯರ ಕಿವಿಗೆ ಕೇಳಿಸುವಷ್ಟು ಏರಿಸಿ ಅವಳು ಹೆಡ್‌ಫೋನ್ ನನಗೆ ಕೊಟ್ಟಳು. ಲಯ ಮಾತ್ರ ನಡೆದದ್ದು ನಡೆದ ಹಾಗೇ ಇದೆ ಎಂದಳು.

ದೀಪಕ್ ಕಾಣೆಯಾದ ಗುರುವಾರ, ಬೆಳಗಿನ ಹೊತ್ತು ಇಬ್ಬರು ನಡೆದು ಬಂದರು. ಐದನೆಯ ಕಿವಿಯ ಹತ್ತಿರ ನಿಂತರು. ಒಮ್ಮೆ ಧೊಪ್ಪೆಂದು ಏನೋ ಬಿತ್ತು. ಆಮೇಲೆ ಏನೂ ಇಲ್ಲ.

"ಮುಗೀತಾ?"

"ಇಲ್ಲ ಮೇಡಂ, ಮುಂದಕ್ಕೆ ಓಡಿಸ್ತಿದ್ದೀನಿ. ಬೆಳಗ್ಗೆ ಕಳೆದು ಮಧ್ಯಾಹ್ನದವರೆಗೂ ಹಿಂಗೇ ಇದೆ. ಯಾರೂ ಅಲ್ಲಾಡಿಲ್ಲ."

ಆಮೇಲೆ ಗುದ್ದಲಿಯ ಸದ್ದು. ಒಂದಷ್ಟು ಏಟು, ಸುಸ್ತಾದವರ ಹಾಗೆ ಬಿಡುವು, ಮತ್ತೆ ಒಂದಷ್ಟು ಏಟು. ಕೊನೆಗೆ ಕಿವಿ ಹರಿಯುವಂಥ ಒಂದು ಶಬ್ದ. ಗುದ್ದಲಿ ಡಬ್ಬಿಗೆ ತಾಗಿದ್ದು ಆಗಲೇ. ಅಲ್ಲಿಂದ ಮುಂದಕ್ಕೆ ಐದನೆಯ ಕಿವಿ ಕಿವುಡು.

"ನಾಲ್ಕನೇದು ದೂರ ಇದೆ, ಆದ್ರೂ ಸ್ವಲ್ಪ ಹಿಡ್ಕೊಂಡಿದೆ," ಎಂದಳು ಭವ್ಯಶ್ರೀ. "ಸಂಜೆ ಆಗೋ ಮುಂಚೆ ವಾಪಸ್ ಹೋಗಿದ್ದು ಒಬ್ಬರೇ."

ಇಬ್ಬರಲ್ಲಿ ಒಬ್ಬನಾದರೂ ದೀಪಕ್ ಆಗಿರಲೇಬೇಕು. ಹಿಂದಿರುಗಿದವನು ಅವನೇ ಆಗಿರಲಿ ಎಂದು ನಾನು ಒಳಗೊಳಗೇ ಹಾರೈಸಿದೆ. ಕೊಂದವನಾದರೂ ಸರಿ, ಆ ತಾಯಿಗೆ ಅವನು ಬದುಕಿದ್ದರೆ ಸಾಕಾಗಿತ್ತು.

ಆದರೆ ನನಗೆ ಬೇರೊಬ್ಬರ ಮಾತು ನೆನಪಿತ್ತು. ತೋಟದ ಮಾಲೀಕರು ಬೆಳ್ಯಪ್ಪನವರು ಲೈನ್‌ಮನೆಗಳ ಎದುರು ನಿಂತು, ಎಲ್ಲರೂ ಕೇಳುವಂತೆ ಆ ಹುಡುಗನಿಗೆ ಬೆದರಿಕೆ ಹಾಕಿದ್ದರು. ನೇರವಾಗಿ ಅವರ ಕಣಕ್ಕೇ ಹೋದೆ.

ಅವರು ಕರಿಮೆಣಸಿನ ಚೀಲಗಳ ಬಾಯಿ ಹೊಲಿಸುತ್ತಿದ್ದರು. ಅರವತ್ತು ದಾಟಿದ ಗಟ್ಟಿ ಆಳು. ಊರ ದೇವಸ್ಥಾನದ ತಕ್ಕರ ಮನೆತನ, ಅಂದರೆ ಹಬ್ಬ ಕಟ್ಟಳೆ ಎಲ್ಲ ಇವರ ಮನೆಯಿಂದಲೇ ಸಾರಬೇಕು.

"ಬನ್ನಿ ಮೇಡಂ. ಕಾಫಿ?"

"ಆಮೇಲೆ ಕುಡಿಯಾಣ. ದೀಪಕ್ ಕಾಣೆಯಾದ ಗುರುವಾರ ನಿಮ್ಮ ಕೆಳಗಿನ ತೋಟದಲ್ಲಿ ಗುದ್ದಲಿ ಕೆಲ್ಸ ಮಾಡಿದ್ದು ಯಾರು?"

"ಯಾರೂ ಇಲ್ಲ."

"ಯಂತ್ರ ಕೇಳಿಸ್ಕೊಂಡಿದೆ."

"ಆ ಯಂತ್ರಕ್ಕೆ ತಲೆ ಸರಿ ಇಲ್ಲ. ದನ ಹೋದರೂ ಕೂಗುತ್ತೆ, ಟ್ರಾಕ್ಟರ್ ಹೋದರೂ ಕೂಗುತ್ತೆ."

"ನೀವು ಆ ಹುಡುಗನಿಗೆ ಏನಂದಿದ್ರಿ?"

ಅವರು ಹೊಲಿಯುವ ದಬ್ಬಣವನ್ನು ಚೀಲಕ್ಕೆ ಚುಚ್ಚಿ ನಿಲ್ಲಿಸಿದರು. ಮುಚ್ಚಿಡುವ ಮನುಷ್ಯನಲ್ಲ. "ನಿನ್ನನ್ನೂ ನಿನ್ನ ಕಿವಿಗಳನ್ನೂ ಒಂದೇ ಗುಂಡಿಯಲ್ಲಿ ಹೂಳ್ತೇನೆ ಅಂದಿದ್ದೆ. ಸೈರನ್‌ಗೆ ಹೆದರಿ ಪಿಕ್ಕಿಂಗ್‌ಗೆ ಜನ ಬರ್ತಿರಲಿಲ್ಲ. ಸಿಟ್ಟಲ್ಲಿ ಅಂದೆ. ಅಂದದ್ದು ಹೌದು."

"ಅಂದ್ರಿ. ಹುಡುಗ ಕಾಣೆಯಾದ. ಅದೇ ದಿನ ನಿಮ್ಮ ತೋಟದಲ್ಲಿ ಯಾರೋ ಗುಂಡಿ ತೋಡಿದ್ರು. ನನ್ನ ಜಾಗದಲ್ಲಿ ನೀವಿದ್ರೆ ಏನು ತಿಳ್ಕೊತಿದ್ರಿ?"

"ಯಾವ ಗುರುವಾರ ಅಂದ್ರಿ?"

ಹೇಳಿದೆ. ಅವರ ಮುಖದ ಬಣ್ಣ ನಿಧಾನಕ್ಕೆ ಇಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನನ್ನ ಪೊಲೀಸ್ ಬುದ್ಧಿ ಒಳಗೆ ಗೊಣಗಿತು.

"ಮೇಡಂ, ಅವತ್ತು ಊರಲ್ಲಿ ಕಟ್ಟು."

ನನಗೆ ತಲೆಯ ಮೇಲೆ ಯಾರೋ ಮೊಟಕಿದಂತಾಯಿತು. ಭಗವತಿಯ ಹಬ್ಬಕ್ಕೆ ಮೊದಲು ಈ ಕಡೆಯ ಊರುಗಳಲ್ಲಿ ಕಟ್ಟು ಬೀಳುತ್ತದೆ. ಬಿದ್ದ ಮೇಲೆ ಹಬ್ಬ ಮುಗಿಯುವ ತನಕ ಮರ ಕಡಿಯುವಂತಿಲ್ಲ, ಕೋಳಿ ಕೊಯ್ಯುವಂತಿಲ್ಲ, ಮಣ್ಣಿಗೆ ಗುದ್ದಲಿ ಹಾಕುವಂತಿಲ್ಲ. ಶನಿವಾರಸಂತೆಯ ನಮ್ಮ ಲಿಂಗಾಯತರ ಕೇರಿಯಲ್ಲಿ ಈ ಪದ್ಧತಿ ಇಲ್ಲ. ಜಿಲ್ಲೆಯಲ್ಲೇ ಹುಟ್ಟಿ, ಜಿಲ್ಲೆಯಲ್ಲೇ ಕೆಲಸ ಮಾಡಿ, ಇದು ನನಗೆ ಹೊಳೆಯಲಿಲ್ಲ. ಗುದ್ದಲಿ ಎಂದರೆ ದಿನಬೆಳಗಾದರೆ ಇರುವ ಸದ್ದು ಎಂದು ಆ ಯಂತ್ರದ ಹಾಗೆ ನಾನೂ ಬದಿಗೆ ತಳ್ಳಿದ್ದೆ.

"ಕಟ್ಟು ಸಾರಿದ್ದು ನಾನು," ಎಂದರು ಬೆಳ್ಯಪ್ಪನವರು. ದನಿ ಏರಲಿಲ್ಲ. "ಸಲಕರಣೆ ಎಲ್ಲ ಶೆಡ್ಡಿಗೆ ಹಾಕಿ ಬೀಗ ಹಾಕಿದ್ದೂ ನಾನೇ. ಆಳುಗಳಿಗೆ ರಜೆ. ನಾನು ಕೊಂದೆ ಅಂತ ಬೇಕಾದರೆ ಹೇಳಿ ಮೇಡಂ, ಕೋರ್ಟಲ್ಲಿ ನೋಡ್ಕೊಳ್ತೇನೆ. ಕಟ್ಟಲ್ಲಿ ಗುದ್ದಲಿ ಹಾಕಿದೆ ಅಂತ ಮಾತ್ರ ಹೇಳ್ಬೇಡಿ."

ನಾನು ಅವರನ್ನು ನಂಬಿದೆ. ಕೊಲೆ ಮಾಡಬಲ್ಲ ಮನುಷ್ಯ ಹಬ್ಬಕ್ಕೆ ಹೆದರುತ್ತಾನೆಯೇ ಎಂದು ಪಟ್ಟಣದವರು ನಗಬಹುದು. ನಾನು ನಗುವುದಿಲ್ಲ.

ಈ ಊರಿನವರು ಯಾರೂ ಅಲ್ಲ ಎಂದ ಮೇಲೆ, ತೋಡಿದವನು ಕಟ್ಟಿನ ಸುದ್ದಿಯೇ ಗೊತ್ತಿಲ್ಲದ ಹೊರಗಿನವನು. ತೋಟದಲ್ಲಿ ಗುದ್ದಲಿಯ ಸದ್ದಿಗೆ ಯಾರು ತಲೆಯೆತ್ತಿ ನೋಡುತ್ತಾರೆ ಎಂದುಕೊಂಡು ಹಾಡುಹಗಲೇ ತೋಡಿದ್ದ.

"ಎಲ್ಲಿ? ಜಾಗ ತೋರಿಸಿ," ಎಂದು ಬೆಳ್ಯಪ್ಪನವರು ಎದ್ದೇಬಿಟ್ಟರು.

ಐದನೆಯ ಕಿವಿಯ ಸುತ್ತ ತರಗು ದಪ್ಪವಾಗಿ ಬಿದ್ದಿತ್ತು. ಅವರು ಕೋಲಿನಿಂದ ಕೆದಕುತ್ತ ಹೋದರು. ಕಾಫಿ ಸಾಲುಗಳ ನಡುವೆ ಮಳೆನೀರು ಇಂಗಲಿ ಎಂದು ತೋಡುವ ತೊಟ್ಟಿಲು ಗುಂಡಿಗಳು ಅಲ್ಲಿ ಬೇಕಾದಷ್ಟಿದ್ದವು. ಕೆಲವು ತೆರೆದಿದ್ದವು, ಕೆಲವು ತರಗು ತುಂಬಿ ಮುಚ್ಚಿದ್ದವು. ಒಂದರ ಮುಂದೆ ಅವರು ನಿಂತರು.

"ಇದು ನಮ್ಮ ಗುಂಡಿ ಅಲ್ಲ."

"ಹೆಂಗೆ ಹೇಳ್ತೀರಿ ಅಂಕಲ್?" ಎಂದು ಭವ್ಯಶ್ರೀ ಕೇಳಿದಳು.

"ತೊಟ್ಟಿಲು ಗುಂಡಿ ಇಳಿಜಾರಿಗೆ ಅಡ್ಡ ಇರ್ಬೇಕು ಮಗಾ, ನೀರು ತಡೀಲಿಕ್ಕೆ. ಇದು ನೋಡು, ಇಳಿಜಾರಿನ ಉದ್ದಕ್ಕೆ ಉಂಟು. ಇದರಲ್ಲಿ ನೀರು ನಿಲ್ಲುವುದುಂಟಾ?"

ನಿಲ್ಲುವುದಿಲ್ಲ. ಅದನ್ನು ನೀರಿಗಾಗಿ ತೋಡಿರಲಿಲ್ಲ. ನಾನು ಭವ್ಯಶ್ರೀಯನ್ನು ಜೀಪಿಗೆ ಕಳಿಸಿ ಠಾಣೆಗೆ ಫೋನು ಮಾಡಿದೆ.

ತಹಸೀಲ್ದಾರರು ಬಂದು ನಿಂತ ಮೇಲೆ ಪೊಲೀಸರು ಮಣ್ಣು ತೆಗೆದರು. ದೀಪಕ್ ಅಲ್ಲಿದ್ದ. ಅಂಗಿಯಿಂದ, ಕೈಗಡಿಯಾರದಿಂದ ಗುರುತು ಹಿಡಿದರು. ಅವನ ಸಲಕರಣೆಯ ಚೀಲ ಪಕ್ಕದಲ್ಲಿತ್ತು. ಕಿವಿ ನೆಡಲು ಅವನು ಇಟ್ಟುಕೊಂಡಿದ್ದ ಗುದ್ದಲಿ ಮೇಲ್ಮಣ್ಣಿನಲ್ಲೇ ಸಿಕ್ಕಿತ್ತು. ಅವನನ್ನು ಹೂಳಿದ್ದು ಅದೇ ಗುದ್ದಲಿಯಿಂದ.

ಇಷ್ಟು ವರ್ಷ ಹೆಣಗಳನ್ನು ನೋಡಿದವಳು ನಾನು. ಆದರೂ ಅಲ್ಲಿ ನಿಲ್ಲಲು ಕಷ್ಟವಾಯಿತು. ಬರೀ ಅವನಿಗಾಗಿ ಅಲ್ಲ. ಅವನನ್ನು ಮಲಗಿಸಿದ್ದ ರೀತಿಗೆ.

ಕೊಂದು ಹೂಳುವವರು ಅವಸರದಲ್ಲಿರುತ್ತಾರೆ. ಸಿಕ್ಕ ಹಾಗೆ ತುರುಕುತ್ತಾರೆ. ದೀಪಕ್‌ನನ್ನು ಅಂಗಾತ ಮಲಗಿಸಿ, ಎರಡೂ ಕೈ ಎದೆಯ ಮೇಲೆ ಜೋಡಿಸಿದ್ದರು. ತಲೆಯ ಕೆಳಗೆ ಟವೆಲ್ ಮಡಚಿ ಇಟ್ಟಿದ್ದರು. ತಲೆ ದಕ್ಷಿಣಕ್ಕಿತ್ತು. ಆ ಗುಂಡಿ ಅಡ್ಡಕ್ಕಿರದೆ ಇಳಿಜಾರಿನ ಉದ್ದಕ್ಕೆ ಇದ್ದದ್ದು ಯಾಕೆಂದು ಆಗ ತಿಳಿಯಿತು. ಸತ್ತವರ ತಲೆ ದಕ್ಷಿಣಕ್ಕೇ ಇರಬೇಕು ಎಂದು ಬಲ್ಲವರು, ಆ ಸುಸ್ತಿನಲ್ಲೂ ಅದನ್ನು ಬಿಡದವರು ತೋಡಿದ ಗುಂಡಿ ಅದು.

ಹಿಂಭಾಗದಲ್ಲಿ ತಲೆಬುರುಡೆ ಒಡೆದಿತ್ತು. ಬಿದ್ದದ್ದೋ ಹೊಡೆದದ್ದೋ ಎಂದು ಮಡಿಕೇರಿಯ ಡಾಕ್ಟರು ಕೂಡಲೇ ಹೇಳಲಿಲ್ಲ.

ಚಲುವಮ್ಮನಿಗೆ ಸುದ್ದಿ ಹೇಳಿದವಳು ನಾನೇ. ಅಷ್ಟೇಳಿ ಸಾಕು ಎಂದಿದ್ದಳಲ್ಲ, ಅಷ್ಟನ್ನೇ ಹೇಳಿದೆ. ಅವಳು ತಲೆಯಾಡಿಸಿದಳು. ಆಮೇಲೆ ಒಲೆಯ ಮೇಲಿದ್ದ ಅನ್ನ ಇಳಿಸಿ, ಗಂಜಿ ಬಸಿಯಲು ಇಟ್ಟು, ಅಲ್ಲೇ ಕುಸಿದಳು.

ಹಾಲು ತುಪ್ಪದ ದಿನ ಭವ್ಯಶ್ರೀಯನ್ನು ಕರೆದುಕೊಂಡು ಹಾರಂಗಿ ಕಾಲುವೆಯ ಪಕ್ಕದ ಅವರ ಮನೆಗೆ ಹೋದೆ. ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡಲು ಗಂಡಸರು ಹೊಲಕ್ಕೆ ಹೋಗಿದ್ದರು. ದೀಪಕ್‌ನ ತಂದೆ ಸಣ್ಣಸ್ವಾಮಿ ಕೂಡ ಹೋಗಿದ್ದಾರೆ ಎಂದು ಕೇಳಿ ನನಗೆ ಆಶ್ಚರ್ಯವಾಯಿತು. ಆನೆ ತುಳಿದ ಮೇಲೆ ಅವರು ಜಗಲಿಯ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಬಂದಾಗಲೆಲ್ಲ ಅವರನ್ನು ಕುರ್ಚಿಯಲ್ಲೇ ನೋಡಿದ್ದು.

"ಮೂರು ಜನ ಎತ್ಕೊಂಡೋಗ್ತೀವಿ ಅಂದ್ರು. ಬೇಡ, ನಾನೇ ನಡೀತೀನಿ ಅಂತ ಹಟ ಮಾಡುದ್ರು," ಎಂದಳು ಚಲುವಮ್ಮ.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆವು. ಅವಳನ್ನು ಸಮಾಧಾನ ಮಾಡಲು ನನಗೆ ಬೇರೆ ದಾರಿ ತೋಚಲಿಲ್ಲ. ಮಗನನ್ನು ಮಲಗಿಸಿದ್ದ ರೀತಿ ಹೇಳಿದೆ, ತಲೆಯಡಿಯ ಟವೆಲ್ ಹೇಳಿದೆ.

"ಅಕ್ಕಾ, ಆ ಯಂತ್ರ ಅವ್ನ ಹೆಜ್ಜೆ ಹಿಡ್ಕಂಡದೆ ಅಂದ್ರಲ್ಲ. ಒಂದ್ ಸಲ ಕೇಳಿಸ್ತೀರಾ?"

ಭವ್ಯಶ್ರೀ ನನ್ನನ್ನು ನೋಡಿದಳು. ಕಾನೂನಿನ ಪ್ರಕಾರ ತಪ್ಪು. ನಾನು ಹೂಂ ಎಂದೆ. ಮಗನ ದನಿ ಇನ್ನು ಎಲ್ಲೂ ಸಿಗದವಳಿಗೆ ಹೆಜ್ಜೆಯನ್ನೂ ಇಲ್ಲ ಎನ್ನಲು ನನ್ನಿಂದಾಗಲಿಲ್ಲ.

ಹೆಡ್‌ಫೋನ್ ಹಾಕಿಕೊಂಡು ಅವಳು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅವಳ ತುಟಿಯಲ್ಲಿ ನಗು ಮೂಡಿತು. ತಿಂಗಳಿಂದ ಆ ಮುಖದಲ್ಲಿ ನಾನು ಕಾಣದ ನಗು.

"ಇವ್ನೇಯಾ. ಎಳೇದ್ರಿಂದ್ಲೂ ಹಿಂಗೇ, ನಡೆಯಾಕಿಲ್ಲ, ಓಡ್ತಾನೆ. ನೋಡಿ, ಮುಂದಕ್ಕೋದ. ನಿಂತ್ಕಂಡ. ಹಿಂದ್ಗಡೆ ಬರೋರು ಬರ್ಲಿ ಅಂತ ಕಾಯ್ತಾವ್ನೆ. ಮತ್ತೆ ಹೊಂಟ. ಮತ್ತೆ ನಿಂತ್ಕಂಡ."

ಹಿಂದೆ ಬರುತ್ತಿದ್ದವರ ಹೆಜ್ಜೆ ಹತ್ತಿರವಾದಾಗ ಆ ನಗು ನಿಂತಿತು. ಅವಳು ಕಣ್ಣು ತೆರೆಯಲಿಲ್ಲ. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು.

"ವಾಪಸ್ ಹೋಗಿದ್ದು ಒಬ್ರೇ ಅಂದ್ರಲ್ಲ. ಅದ್ನ ಹಾಕವ್ವ."

ಭವ್ಯಶ್ರೀ ನಾಲ್ಕನೆಯ ಕಿವಿಯ ಸದ್ದು ಹಾಕಿದಳು. "ಇದು ಅಷ್ಟು ಸರಿಯಾಗಿ ಕೇಳಲ್ಲ ಅಮ್ಮಾ. ಇಳಿಜಾರು ನೋಡಿ, ಹೆಜ್ಜೆ ಎಲ್ಲ ಏರುಪೇರಾಗಿದೆ."

ಚಲುವಮ್ಮ ಕೇಳಿದಳು. ಮುಗಿದ ಮೇಲೆ ಇನ್ನೊಂದು ಸಲ ಹಾಕಿಸಿಕೊಂಡಳು. ಆಮೇಲೆ ಹೆಡ್‌ಫೋನ್ ತೆಗೆದು, ತಂತಿಯನ್ನು ನೀಟಾಗಿ ಸುತ್ತಿ ಭವ್ಯಶ್ರೀಯ ಮಡಿಲಿಗಿಟ್ಟಳು.

"ಯಾರು ಅಂತ ಗೊತ್ತಾಯ್ತಾ ತಂಗಿ?" ಎಂದೆ.

"ಯಾವತ್ತು ಅಂದ್ರಿ ಅದು?"

"ಗುರುವಾರ. ನೀನು ಕೊಣನೂರಿಗೆ ತವರಿಗೆ ಹೋಗಿದ್ದೆ ಅಂದಿದ್ದೆಯಲ್ಲ, ಆವತ್ತು."

"ಹೂಂ. ಮನೇಲಿ ಅಪ್ಪ ಮಗ ಇಬ್ರೇಯಾ."

ಅಂಗಳದಲ್ಲಿ ಜನರ ಮಾತು ಕೇಳಿಸಿತು. ಹಾಲು ತುಪ್ಪ ಬಿಟ್ಟವರು ಹಿಂದಿರುಗಿದ್ದರು. ನೆಂಟರೆಲ್ಲ ಕೈಕಾಲು ತೊಳೆಯಲು ಬೋರಿನ ಹತ್ತಿರ ನಿಂತರು. ಒಬ್ಬರು ಮಾತ್ರ ಮನೆಯ ಪಕ್ಕದ ಸಿಮೆಂಟ್ ಹಾದಿಯಲ್ಲಿ ಹಿತ್ತಲಿನ ಕಡೆ ಬರುತ್ತಿದ್ದರು. ಒಂದು ಗಟ್ಟಿ ಹೆಜ್ಜೆ. ಒಂದು ಎಳೆದ ಹೆಜ್ಜೆ. ನಡುವೆ ಊರುಗೋಲು ತಾಗಿದ ಸಣ್ಣ ಸದ್ದು. ಮತ್ತೆ ಗಟ್ಟಿ ಹೆಜ್ಜೆ, ಮತ್ತೆ ಎಳೆದ ಹೆಜ್ಜೆ.

ಭವ್ಯಶ್ರೀಯ ಕೈ ಲ್ಯಾಪ್‌ಟಾಪ್ ಮೇಲೆ ಹಾಗೇ ನಿಂತುಹೋಯಿತು. ಇಳಿಜಾರಿನ ಏರುಪೇರು ಎಂದು ಅವಳು ಅಂದುಕೊಂಡದ್ದು, ನಾನು ಒಪ್ಪಿಕೊಂಡದ್ದು, ನಮ್ಮ ಮುಂದೆ ಸಮತಟ್ಟು ನೆಲದ ಮೇಲೆ ನಡೆದು ಬರುತ್ತಿತ್ತು.

ಸಣ್ಣಸ್ವಾಮಿ ಮೂಲೆಯಲ್ಲಿ ತಿರುಗಿ ನಿಂತರು. ಕೈಯಲ್ಲಿ ಖಾಲಿ ಹಾಲಿನ ಚೊಂಬು. ಅತ್ತು ಅತ್ತು ಕಣ್ಣು ಊದಿದ್ದವು. ಅದು ನಟನೆಯಲ್ಲ. ಮಗನಿಗಾಗಿ ಆ ಮನುಷ್ಯನ ಎದೆ ಒಡೆದುಹೋಗಿತ್ತು, ಅಷ್ಟನ್ನು ನಾನು ಯಾವ ಕೋರ್ಟಿನಲ್ಲಾದರೂ ಹೇಳಬಲ್ಲೆ.

"ಯಾರಮ್ಮಿ ಬಂದಿರೋದು? ಓ, ಮೇಡಮ್ಮೋರಾ. ಊಟಕ್ಕಿಕ್ಕು ಅವ್ರಿಗೆ," ಎಂದರು ಹೆಂಡತಿಗೆ. ತಡೆದು, "ನಂಗೂ ಒಂಚೂರು ಇಕ್ಕಮ್ಮಿ. ಅವನು ಹೋದಾಗ್ನಿಂದ ಗಂಟ್ಲಲ್ಲಿ ಏನೂ ಇಳೀತಿಲ್ಲ," ಎಂದರು.

ಹೆಜ್ಜೆ ಎಳೆಯುತ್ತಾ ಅವರು ಒಳಗೆ ಹೋದರು. ಕುರ್ಚಿ ಕಿರ್ರೆಂದಿತು.

ನಾನು ಏಳಹೊರಟೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಆ ಗಿಡಗಳ ನಡುವೆ ಅವರು ಏನು ಮಾಡುತ್ತ ಕೂತಿದ್ದರು, ಮಗ ಹೇಗೆ ಬಿದ್ದ, ಆ ಕಾಲಿನಲ್ಲಿ ಸ್ಕೂಟರನ್ನು ಹಿನ್ನೀರಿನವರೆಗೆ ಹೇಗೆ ಒಯ್ದರು, ಯಾಕೆ ಬಾಯಿ ಬಿಡಲಿಲ್ಲ, ಹೆಂಡತಿ ಠಾಣೆಯಿಂದ ಠಾಣೆಗೆ ಅಲೆಯುವುದನ್ನು ಹೇಗೆ ನೋಡುತ್ತ ಕೂತರು ಎಂದು ಆಗಲೇ ಕೇಳಿಬಿಡಬೇಕಿತ್ತು. ಚಲುವಮ್ಮ ನನ್ನ ಮುಂಗೈ ಹಿಡಿದಳು. ಬಿಗಿಯಾಗಿಯೇ ಹಿಡಿದಳು.

"ಈಗ್ಲೇ ಏನೂ ಕೇಳ್ಬೇಡಿ ಅಕ್ಕಾ. ನಿಮ್ ಕಾಲ್ಗೆ ಬೀಳ್ತೀನಿ. ಮಗುಂಗೆ ಹಾಲು ತುಪ್ಪ ಬಿಟ್ಟು ಬಂದವ್ರೆ. ನನ್ ಕೈಯ್ಯಾರೆ ಒಂದ್ ತುತ್ತು ಉಣ್ಲಿ. ಆಮೇಲೆ ನೀವು ಕೇಳೋದು ಕೇಳಿ."

ಅವಳ ಕಣ್ಣು ಒಣಗಿದ್ದವು. ನಾನು ಮತ್ತೆ ಕೂತೆ. ಮೂವತ್ತು ವರ್ಷ ಅದೇ ಮನೆಯಲ್ಲಿ ಗಂಡನ ಹೆಜ್ಜೆ ಕೇಳಿಕೊಂಡು ಬದುಕಿದವಳು, ಒಂದು ಹೊತ್ತಿನ ಗಡುವು ಕೇಳುತ್ತಿದ್ದಾಳೆ. ಕೊಡದೆ ಇರಲು ಮನಸ್ಸು ಬರಲಿಲ್ಲ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಗೂಡಿನಲ್ಲಿದ್ದ ಸ್ಟೀಲ್ ತಟ್ಟೆ ತೆಗೆದುಕೊಂಡದ್ದು ಕಂಡಿತು. ಒಂದೇ ತಟ್ಟೆ.

"ಮೇಡಂ, ಯಂತ್ರ ತಪ್ಪಿರಬಹುದಲ್ವಾ?" ಎಂದು ಭವ್ಯಶ್ರೀ ಪಿಸುಗುಟ್ಟಿದಳು. ಅವಳು ಅಳುತ್ತಿದ್ದಳು. ನಾನು ಅಡುಗೆಮನೆಯ ಕಡೆಗೆ ಕಿವಿ ಕೊಟ್ಟಿದ್ದೆ.

ಹಾಲು ತುಪ್ಪದ ಅಡುಗೆ ಬೆಳಿಗ್ಗೆಯೇ ಆಗಿತ್ತು. ಅನ್ನ, ಸಾರು, ಪಾಯಸ ಎಲ್ಲ ದೊಡ್ಡ ಪಾತ್ರೆಗಳಲ್ಲಿ ಪಡಸಾಲೆಯಲ್ಲೇ ಇದ್ದವು. ಬಡಿಸುವವಳು ಅಡುಗೆಮನೆಗೆ ಹೋಗಬೇಕಾದ್ದೇ ಇರಲಿಲ್ಲ. ಅಲ್ಲಿ ಅಟ್ಟದ ಮೇಲೆ ಜೋಳದ ಹುಳುವಿಗೆ ಹೊಡೆಯುವ ಔಷಧಿಯ ಡಬ್ಬಿ ಇದ್ದದ್ದನ್ನು ಹಿಂದೆ ಬಂದಾಗ ನೋಡಿದ್ದೆ.

ಅಡುಗೆಮನೆಯ ಒಳಗಿನಿಂದ ಅವಳು ಚಿಲಕ ಹಾಕಿಕೊಂಡ ಸದ್ದು ಕೇಳಿಸಿತು.